ಚೀನೀ ಗೆಳೆಯರಿಗೆ ಇಂಗ್ಲಿಷಿನ ‘ಇಷ್ಟ’ ಕಲಿಸುವುದು ಹೇಗೆ?

ಚೀನೀ ಮಾತಾಡುವ ಗೆಳೆಯರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೀರಾ? ‘ಲೈಕ್’, ‘ಲವ್’ ಅವರಿಗೆ ಮೊದಲೇ ಗೊತ್ತಿರುತ್ತವೆ. ಎಡವುವುದು ಅಕ್ಕಪಕ್ಕದ ಪದಗಳಲ್ಲಿ.

ಮೊದಲು ‘ವೆರಿ’ಯನ್ನು ಸರಿಮಾಡಿ. ಚೀನಾದ ಮುಖ್ಯ ಭಾಷೆಯಾದ ಮ್ಯಾಂಡರಿನ್‌ನಲ್ಲಿ ‘ವೋ ಹನ್ ಶೀಹ್ವಾನ್ ನಿ’ ಅನ್ನುತ್ತಾರೆ. ವೋ ಅಂದರೆ ನಾನು, ಹನ್ ಅಂದರೆ ತುಂಬಾ, ಶೀಹ್ವಾನ್ ಅಂದರೆ ಇಷ್ಟಪಡು, ನಿ ಅಂದರೆ ನೀನು. ಪದಕ್ಕೆ ಪದ ಜೋಡಿಸಿದರೆ ‘ಐ ವೆರಿ ಲೈಕ್ ಯು’ ಆಗುತ್ತದೆ. ನಾವೂ ‘ತುಂಬಾ ಇಷ್ಟ’ ಅನ್ನುವವರೇ ಅಲ್ವಾ, ನಗುವ ಹಾಗಿಲ್ಲ. ‘ವೆರಿ ಮಚ್’ ಅನ್ನು ಕೊನೆಗೆ ಹಾಕಿ ಎಂದರೆ ಮಾತಿನ ಭರದಲ್ಲಿ ಮರೆತೇ ಹೋಗುತ್ತದೆ. ಅದಕ್ಕಿಂತ ಹನ್ ಇದ್ದ ಜಾಗದಲ್ಲೇ ‘ರಿಯಲಿ’ ಕೂರಿಸಿ: ‘ಐ ರಿಯಲಿ ಲೈಕ್ ಯು’. ಪದಗಳ ಸಾಲು ಹಾಗೇ ಉಳಿಯುತ್ತದೆ, ತಪ್ಪೂ ಹೋಗುತ್ತದೆ.

ಆಮೇಲೆ ‘ಆಫ್’, ‘ಆನ್’ ಥರದ ಬಾಲವಿರುವ ಪದಗಳು. ‘ಫಾಂಡ್ ಆಫ್’ ಅಜ್ಜಿಗೆ, ಹಳೆಯ ಮೇಷ್ಟ್ರಿಗೆ, ನಾಯಿಮರಿಗೆ ಒಪ್ಪುವ ಅಕ್ಕರೆ. ‘ಇನ್‌ಟು’ ಎಳೆಯರ ಆಡುಮಾತು. ಇಷ್ಟವಾದ ಹುಡುಗಿಯ ಬಗ್ಗೆಯೂ ನಡೆಯುತ್ತದೆ, ಬ್ಯಾಡ್ಮಿಂಟನ್ ಬಗ್ಗೆಯೂ ನಡೆಯುತ್ತದೆ. ‘ಕ್ರಶ್ ಆನ್’ ಬೇಗ ಹತ್ತುತ್ತದೆ, ಗುಟ್ಟಿನ ಪ್ರೀತಿಗೆ ಅವರಲ್ಲೇ ‘ಆನ್‌ಲ್ಯೆನ್’ ಎಂಬ ಪದವಿದೆ. ‘ಮ್ಯಾರಿ’ಗೆ ಮಾತ್ರ ಬಾಲ ಬೇಡ. ಚೀನೀಯಲ್ಲಿ ‘ಅವನ ಜೊತೆ ಮದುವೆಯಾಗು’ ಅನ್ನುವುದರಿಂದ ‘ಮ್ಯಾರಿ ವಿತ್ ಹಿಮ್’ ಬಾಯಿಗೆ ಬಂದುಬಿಡುತ್ತದೆ.

‘ಶ್ಯಾಂಗ್’ ಎಂಬ ಒಂದೇ ಪದಕ್ಕೆ ಯೋಚಿಸು, ಬೇಕೆನಿಸು, ನೆನಪಾಗಿ ಕಾಡು ಎಂಬ ಮೂರೂ ಅರ್ಥ. ‘ವೋ ಶ್ಯಾಂಗ್ ನಿ’ಗೆ ‘ಐ ಮಿಸ್ ಯು’ ಎಂದು ಇಡಿಯಾಗಿ ಕಲಿಸಿ.

ಇನ್ನೊಂದು ತಮಾಷೆಯ ತೊಡಕು. ಅವನು, ಅವಳು ಎರಡಕ್ಕೂ ಬಾಯಿಮಾತಿನಲ್ಲಿ ‘ತಾ’ ಒಂದೇ. ಬರೆಯುವಾಗ ಮಾತ್ರ ಅಕ್ಷರ ಬೇರೆ. ಹುಡುಗಿಯ ಬಗ್ಗೆ ಹೇಳುತ್ತಾ ‘ಐ ಲೈಕ್ ಹಿಮ್’ ಅನ್ನುವುದು ಇದರಿಂದಲೇ. ಮೊಬೈಲ್‌ನಲ್ಲಿರುವ ಫೋಟೊಗಳನ್ನು ಒಂದೊಂದೇ ತೋರಿಸಿ, ‘ಹಿಮ್’, ‘ಹರ್’ ಜೋರಾಗಿ ಹೇಳಿಸಿ. ದಿನಕ್ಕೆ 10 ಫೋಟೊ ಸಾಕು.

ಕೊನೆಗೆ ‘ಲವ್’. ಚೀನಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಅಪ್ಪ-ಅಮ್ಮಂದಿರಿಗೆ ‘ವೋ ಆಯ್ ನಿ’, ಅಂದರೆ ‘ಐ ಲವ್ ಯು’, ಅನ್ನುವ ರೂಢಿಯಿಲ್ಲ. ಊಟ ಆಯ್ತಾ ಎಂದು ಕೇಳಿದರೆ ಆಯಿತು. ಇಂಗ್ಲಿಷಿನಲ್ಲಿ ನೂಡಲ್ಸ್‌ಗೂ ‘ಲವ್’ ಅನ್ನಬಹುದು ಎಂದು ಅವರಿಗೆ ಧೈರ್ಯ ಕೊಡಿ. ನಾಚಿಕೆ ಜಾಸ್ತಿ ಇರುವವರು 520 ಎಂದು ಬರೆದು ಕಳಿಸುತ್ತಾರೆ. ‘ವೂ ಅರ್ ಲಿಂಗ್’ ಎಂಬ ಈ ಅಂಕಿಗಳ ಸದ್ದು ‘ವೋ ಆಯ್ ನಿ’ಗೆ ಹತ್ತಿರ, ಮೇ 20 ಅಲ್ಲಿ ಪ್ರೇಮಿಗಳ ದಿನವೇ ಆಗಿದೆ. ಲಂಡನ್ನಿನ ಗೆಳತಿಗೆ ಮಾತ್ರ ಸುಮ್ನೆ 520 ಅಂತ ಕಳಿಸಬೇಡಿ ಎಂದು ಹೇಳಿ. ಯಾವುದೋ ಬಿಲ್ಲಿನ ಮೊತ್ತ ಅಂದುಕೊಂಡಾಳು.