ಲಗ್ನಪತ್ರಿಕೆಯ ಕಾರ್ಡು, ಒಂದೇ ಫೋನು: ನಮ್ಮ ಹತ್ತನೇ ತರಗತಿಯ ಎಫ್‌ಎ ದಾಖಲೆ

"ಸರ್, ಇವೆಲ್ಲ ಬೆಂಗಳೂರಿನ ಸಾಲಿಗೆ ಸರಿರೀ, ನಮ್ಮ ಹುಡುಗರಿಗಲ್ಲ." ಫೋನು, ಗೂಗಲ್ ಶೀಟ್ ಬಳಸಿ ಗಣಿತದ ಮೌಲ್ಯಮಾಪನ ಮಾಡುತ್ತೇನೆ ಎಂದಾಗಲೆಲ್ಲ ಶಿಕ್ಷಕರ ಕೋಣೆಯಲ್ಲಿ ಈ ಮಾತನ್ನು ಎರಡು ವರ್ಷ ಕೇಳಿದ್ದೇನೆ. ಈ ಸಲ ವರ್ಷದ ನಾಲ್ಕೂ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಮುಗಿದವು. ಗಣಿತದ ಆಂತರಿಕ ಅಂಕಗಳು ಒಂದೂ ತಿದ್ದುಪಡಿ ಇಲ್ಲದೆ ಪರೀಕ್ಷಾ ಮಂಡಳಿಗೆ ಹೋದವು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿಯಲ್ಲಿ 46 ಮಕ್ಕಳು. ಸುಮಾರು ಅರ್ಧದಷ್ಟು ಮಕ್ಕಳು ಕ್ಯಾಂಪುಗಳಿಂದ, ಅಂದರೆ ವಲಸೆ ಬಂದು ನೆಲೆಸಿದವರ ಊರುಗಳಿಂದ, ಬರುತ್ತಾರೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಿಂದಿನ ಬೆಂಚುಗಳು ಖಾಲಿ.

ಮೊದಲು ಸೋತದ್ದು ಗೂಗಲ್ ಫಾರ್ಮ್‌ನಲ್ಲಿ. 2021ರಲ್ಲಿ ಶಾಲೆ ಮುಚ್ಚಿದ್ದಾಗ ಆಗಿನ ತರಗತಿಗೆಲ್ಲ ಲಿಂಕ್ ಕಳಿಸಿದೆ. ಬಂದದ್ದು ಹನ್ನೊಂದೋ ಹನ್ನೆರಡೋ ಉತ್ತರ. ಅದರಲ್ಲೂ ನಾಲ್ಕು ಒಂದೇ ಫೋನಿನಿಂದ, ಒಂದಕ್ಕೊಂದು ಅಚ್ಚೊತ್ತಿದಂತೆ. ಮಕ್ಕಳದ್ದೇನು ತಪ್ಪು? ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಗದ್ದೆಯಲ್ಲಿ. ಕೆಲವರ ಮನೆಯವರು ಫೋನು ಸಮೇತ ಗುಳೆ ಹೋಗಿದ್ದರು. ಮಕ್ಕಳ ಕೈಯಲ್ಲಿ ಫೋನು ಬೇಡದ ದಾರಿಯನ್ನೇ ಹುಡುಕಬೇಕೆಂದು ಅವತ್ತೇ ನಿರ್ಧರಿಸಿದೆ.

ಹಾಗೆ ಸಿಕ್ಕಿದ್ದು ಪ್ಲಿಕರ್ಸ್ ಎಂಬ ಕ್ವಿಜ್ ಆ್ಯಪ್: ಪ್ರತಿ ಮಗುವಿಗೊಂದು ಕಾಗದದ ಕಾರ್ಡು, ನಾಲ್ಕು ಬದಿಗೆ ಎ, ಬಿ, ಸಿ, ಡಿ, ಉತ್ತರದ ಬದಿ ಮೇಲೆ ಬರುವಂತೆ ಎತ್ತಿ ಹಿಡಿದರೆ ನಮ್ಮ ಫೋನು ಓದಿಕೊಳ್ಳುತ್ತದೆ. 40ರ ಸೆಟ್ ನನಗೆ ಸಾಲದು, 63ರದ್ದನ್ನು ಇಳಿಸಿಕೊಂಡೆ. ಬಾಳಿಕೆ ಬರಲಿ ಎಂದು ಸಿಂಧನೂರಿನಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಪ್ರಿಂಟು ಸೇರಿ ಹತ್ತಿರಹತ್ತಿರ 900 ರೂಪಾಯಿ, ನನ್ನದೇ ಜೇಬಿನಿಂದ. ಮರುದಿನ ತರಗತಿಯಲ್ಲಿ ಕಿಟಕಿಯ ಬಿಸಿಲು ಆ ಹೊಳಪಿನ ಮೇಲೆ ಬಿದ್ದು, ಎಡಗಡೆಯ ಎರಡು ಸಾಲು ಫೋನಿಗೆ ಕಾಣಿಸಲೇ ಇಲ್ಲ. "ಸರ್, ನಂದು ಹಿಡೀಲಿಲ್ರೀ" ಎಂದು ಒಬ್ಬೊಬ್ಬರೇ ಕೂಗತೊಡಗಿದರು. ಹಣವೂ ಹೋಯಿತು, ಪೀರಿಯಡ್ಡೂ ಹೋಯಿತು.

ಪರಿಹಾರ ಸಿಕ್ಕಿದ್ದು ಮನೆಯ ಕಪಾಟಿನಲ್ಲಿ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆ ಹೊಳಪಿರುವುದಿಲ್ಲ, ರಟ್ಟು ಗಟ್ಟಿ. ಅದಕ್ಕೆ ಪ್ರಿಂಟು ಅಂಟಿಸಿದೆ. ಮೈದಾ ಅಂಟು ಹಚ್ಚಿದ ಹತ್ತು ಕಾರ್ಡನ್ನು ಹುಳ ತಿಂದಿತು. ಫೆವಿಕಾಲ್ ಹಚ್ಚಿದವು ಇವತ್ತಿಗೂ ಗಟ್ಟಿಯಾಗಿವೆ. ಖರ್ಚು 150 ದಾಟಲಿಲ್ಲ.

ಪ್ರಶ್ನೆಯನ್ನು ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆಯುತ್ತೇನೆ. ದಿನಕ್ಕೆ ಐದೇ ಪ್ರಶ್ನೆ. ಒಂದು ದಿನ 2, 5, 8… ಶ್ರೇಢಿಯ 10ನೇ ಪದ ಕೇಳಿದೆ. ಉತ್ತರ 29 ಅಲ್ವಾ? ಆದರೆ 27 ಮಕ್ಕಳು 32ರ ಬದಿಯನ್ನು ಮೇಲೆತ್ತಿದ್ದರು. ಅಂದರೆ 9 ಸಲ ಕೂಡಿಸುವ ಬದಲು 10 ಸಲ ಕೂಡಿಸಿದ್ದಾರೆ. ಹಾಳೆ ತಿದ್ದಿ ಇದನ್ನು ಕಂಡುಹಿಡಿಯಲು ನನಗೆ ಒಂದು ವಾರ ಬೇಕಿತ್ತು. ಅವತ್ತು ಅದೇ ಪೀರಿಯಡ್‌ನಲ್ಲಿ ಕಾಣಿಸಿತು. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಡುವಿನ ಸಂದುಗಳನ್ನು ಎಣಿಸಿದೆವು. ಮರುದಿನ ಅಂಥದ್ದೇ ಲೆಕ್ಕಕ್ಕೆ ತಪ್ಪಿದವರು ಐದಾರು ಜನ ಮಾತ್ರ. 32ರಂಥ ತಪ್ಪು ಉತ್ತರವನ್ನು ಹೇಗೆ ಆರಿಸಿ ಇಡುತ್ತೇನೆ ಎಂಬುದೇ ಇದರ ಜೀವಾಳ. ಅದನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬಂದರೆ ತೋರಿಸುತ್ತೇನೆ.

ಕಾರ್ಡಿನ ಕ್ವಿಜ್ ಎಫ್‌ಎಯ ಒಂದು ಚಟುವಟಿಕೆ ಅಷ್ಟೇ. ಕಿರುಪರೀಕ್ಷೆ ಹಾಳೆಯ ಮೇಲೆಯೇ. ಪ್ರಮೇಯದ ಸಾಧನೆ ಬರುತ್ತದೋ ಇಲ್ಲವೋ ಎಂದು ಕಾರ್ಡು ಹೇಳುವುದಿಲ್ಲ.

ಇನ್ನು ದಾಖಲೆಯ ವಿಷಯ. ಹಳೆಯ ಅಂಕಪಟ್ಟಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟ್‌ನಲ್ಲಿತ್ತು, ಗೂಗಲ್ ಶೀಟ್‌ಗೆ ಹಾಕಿದರೆ ಬರೀ ಗೀಚು. ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸಲು ಎರಡು ಸಂಜೆ ಹಿಡಿಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಹೆಸರಿನ ಕಾಲಂ ಒಂದನ್ನೇ ಅಕ್ಷರಕ್ರಮಕ್ಕೆ ಸಾರ್ಟ್ ಮಾಡಿಬಿಟ್ಟೆ. ಹೆಸರು ಜರುಗಿದವು, ಅಂಕ ಅಲ್ಲೇ ಉಳಿದವು. ಒಬ್ಬ ಹುಡುಗಿ ತನ್ನ ಹಾಳೆ ಹಿಡಿದುಕೊಂಡು ಬಂದು, "ಸರ್, ಇದರಾಗ 18 ಐತಿ, ನೀವು 11 ಓದಿದ್ರಿ" ಎಂದಳು. ಕಣ್ಣಲ್ಲಿ ನೀರಿತ್ತು. ಅವತ್ತು ರಾತ್ರಿ ಕೂತು ಎಲ್ಲ ಹಾಳೆಗಳನ್ನು ಮತ್ತೆ ತೆಗೆದು ನಮೂದಿಸಿದೆ. ಈಗ ಹೆಸರಿನಿಂದ ಏನನ್ನೂ ಹುಡುಕುವುದಿಲ್ಲ. ಎಲ್ಲದಕ್ಕೂ ಪ್ರತಿ ಮಗುವಿಗೂ ಇಲಾಖೆಯ ದಾಖಲೆಯಲ್ಲಿರುವ ಸ್ಯಾಟ್ಸ್ ಸಂಖ್ಯೆಯೇ ಆಧಾರ. ನಮ್ಮಲ್ಲಿ ಲಕ್ಷ್ಮಿಯರೇ ಮೂವರಿದ್ದಾರೆ! ನಾಲ್ಕು ಎಫ್‌ಎಯ 200 ಅಂಕ ಶೀಟ್‌ನಲ್ಲೇ 20ಕ್ಕೆ ತಾನಾಗಿ ಇಳಿಯುತ್ತದೆ. ಗೈರಾದವರಿಗೆ ಸೊನ್ನೆ ಹಾಕದೆ 'ಗೈ' ಎಂದು ಹಾಕುತ್ತೇನೆ, ಮರುಪರೀಕ್ಷೆ ಯಾರಿಗೆ ಬಾಕಿ ಎಂದು ತಕ್ಷಣ ಕಾಣುತ್ತದೆ.

ನಡುವೆ ಅಂಕಗಳನ್ನು ಫೋನಿಗೆ ಬಾಯಲ್ಲಿ ಹೇಳಿ ಬರೆಸಲು ನೋಡಿದೆ. ಹದಿನೇಳು ಎಂದರೆ ಅಕ್ಷರದಲ್ಲೇ ಬರೆದುಕೊಂಡಿತು, ಮೊತ್ತವೇ ಕೂಡಲಿಲ್ಲ. ಕೈಬಿಟ್ಟೆ.

ನಿಜವಾದ ಲಾಭ ಸಿಕ್ಕಿದ್ದು ಅಂಕದ ಪಕ್ಕದಲ್ಲೇ ಹಾಜರಿ ಇಟ್ಟಾಗ. ಹತ್ತಿಗೆ ಹೋದ ಒಂಬತ್ತು ಮಕ್ಕಳೂ ಒಂದೇ ಪಾಠದಲ್ಲಿ ಬಿದ್ದಿದ್ದರು: ನಿರ್ದೇಶಾಂಕ ರೇಖಾಗಣಿತ. ಅವರನ್ನು ದಡ್ಡರು ಎಂದು ಬಿಟ್ಟಿದ್ದರೆ ಎಂಥ ಅನ್ಯಾಯವಾಗುತ್ತಿತ್ತು! ಮೂರು ವಾರ ಬೆಳಗ್ಗೆ ಎಂಟೂವರೆಗೆ ಕೂರಿಸಿಕೊಂಡು ಅದೊಂದನ್ನೇ ಕಲಿಸಿದೆ. ಏಳು ಮಕ್ಕಳು ಮೇಲೆ ಬಂದರು. ಉಳಿದ ಇಬ್ಬರ ಮನೆಗೆ ಹೋಗಿ ಬಂದಿದ್ದೇನೆ.

ಮೊದಲು ಬೇಡ ಎಂದಿದ್ದ ವಿಜ್ಞಾನದ ಮೇಡಂ ಈಗ ತಮಗೂ ಒಂದು ಸೆಟ್ ಕೇಳಿದ್ದಾರೆ. ಲಗ್ನಪತ್ರಿಕೆ ಕೂಡಿಸುತ್ತಿದ್ದೇವೆ. ಇನ್ನೂ ಹದಿನೆಂಟು ಬೇಕು.