ಬಿಚಿರ್ ಸಾಕಣೆ: ಮುಚ್ಚಳದಡಿಯ ಎರಡು ಅಂಗುಲ ಗಾಳಿ

ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ಡೈನೋಸಾರ್ ಈಲ್’ ಎಂದು ಮಾರುವ ಮೀನು ಈಲೂ ಅಲ್ಲ, ಡೈನೋಸಾರ್ ಕಾಲಕ್ಕಷ್ಟೇ ಸೇರಿದ್ದೂ ಅಲ್ಲ. ಅದು ಆಫ್ರಿಕಾದ ನದಿ ಮತ್ತು ಜೌಗುಗಳ ಸೆನೆಗಲ್ ಬಿಚಿರ್. ಇಂದಿನ ಬಹುಪಾಲು ಮೀನುಗಳ ಪೂರ್ವಜರಿಂದ ಇದರ ವಂಶ ಕವಲೊಡೆದದ್ದು ಡೈನೋಸಾರ್‌ಗಳು ಹುಟ್ಟುವುದಕ್ಕೂ ಬಹಳ ಹಿಂದೆ. ಬೆನ್ನ ಮೇಲೆ ಸಾಲಾಗಿ ನಿಂತ ಪುಟ್ಟ ರೆಕ್ಕೆಗಳಿಂದಾಗಿ ಇದರ ಕುಲಕ್ಕೆ ‘ಪಾಲಿಪ್ಟೆರಸ್’, ಅಂದರೆ ಹಲವು ರೆಕ್ಕೆಯದು, ಎಂಬ ಹೆಸರಿದೆ. ನೆಪೋಲಿಯನ್ನನ ದಂಡಯಾತ್ರೆಯೊಂದಿಗೆ ಈಜಿಪ್ಟಿಗೆ ಹೋಗಿದ್ದ ಫ್ರೆಂಚ್ ವಿಜ್ಞಾನಿ ಜೊಫ್ರುವಾ ಸೇಂಟ್-ಹಿಲೇರ್ 1802ರಲ್ಲಿ ನೈಲ್ ನದಿಯ ಬಿಚಿರ್ ಅನ್ನು ವರ್ಣಿಸಿದಾಗ ಈ ಕುಲ ವಿಜ್ಞಾನಕ್ಕೆ ಪರಿಚಯವಾಯಿತು.

ನಾನು ತಂದ ಮರಿ ಬೆರಳುದ್ದವಿತ್ತು. ತಲೆಯ ಎರಡೂ ಪಕ್ಕದಲ್ಲಿ ಗರಿಯಂತಹ ಹೊರಕಿವಿರುಗಳಿದ್ದವು, ಬೆಳೆದಂತೆ ಅವು ಮಾಯವಾದವು. ಪೂರ್ಣ ಬೆಳೆದರೆ ಒಂದು ಅಡಿ ಮೀರಬಹುದೆಂದು ತಿಳಿದು, ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಯನ್ನು ಮಾಡಿಸಿದೆ. ತಳದಲ್ಲೇ ತೆವಳುವ ಮೀನಿಗೆ ಎತ್ತರಕ್ಕಿಂತ ಅಗಲ ಮುಖ್ಯ. ಹೊಟ್ಟೆ ಉಜ್ಜಿ ಗಾಯವಾಗದಂತೆ ಜಲ್ಲಿಯ ಬದಲು ನುಣುಪು ಮರಳು ಹಾಸಿ, ಅಡಗಲು ಒಂದು ಅಗಲವಾದ ಪೈಪ್ ಇಟ್ಟೆ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಒಂದು ದಿನ ಹಿಡಿದಿಟ್ಟು ಬಳಸುತ್ತೇನೆ. ಡಿಸೆಂಬರ್ ಚಳಿಯಲ್ಲಿ ಹೀಟರ್‌ನಿಂದ 26 ಡಿಗ್ರಿ ಕಾಯ್ದುಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಿಯೂ ಫಿಲ್ಟರ್ ಪೈಪಿಗೆಂದು ಮುಚ್ಚಳದಲ್ಲಿ ಬಿಟ್ಟಿದ್ದ ಸಂದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ, “ಒರೆಸೋ ಬಟ್ಟೆಯಡಿ ಹಾವಿದೆ ಕಣೋ, ಬೇಗ ಬಾ!” ಎಂದು ಕೂಗಿದರು. ಒದ್ದೆ ಬಟ್ಟೆಗೆ ಅಂಟಿಕೊಂಡಿದ್ದ ಬಿಚಿರ್, ಮೈತುಂಬ ಧೂಳು ಮೆತ್ತಿಕೊಂಡಿದ್ದರೂ ಬದುಕಿತ್ತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಜಾತಿಯ ಮರಿಗಳನ್ನು ತೇವ ಇರಿಸಿದ ನೆಲದ ಮೇಲೆ ಸುಮಾರು ಎಂಟು ತಿಂಗಳು ಬೆಳೆಸಿ, ಅವು ತಲೆಯೆತ್ತಿ ರೆಕ್ಕೆಯೂರಿ ನಡೆಯುವುದನ್ನು ಕಲಿತದ್ದನ್ನು 2014ರಲ್ಲಿ ಪ್ರಕಟಿಸಿದ್ದರೆಂದು ಆಮೇಲೆ ಓದಿದೆ.

ಹೆದರಿದ ನಾನು ತೊಟ್ಟಿಗೆ ಅಂಚಿನವರೆಗೂ ನೀರು ತುಂಬಿಸಿ, ಗಾಜಿನ ಹಾಳೆಯಿಂದ ಬಿಗಿಯಾಗಿ ಮುಚ್ಚಿದ್ದು ಎರಡನೆಯ ತಪ್ಪು. ಮೀನು ಮತ್ತೆ ಮತ್ತೆ ಮೇಲೇರಿ ಗಾಜಿಗೆ ಮೂತಿ ಬಡಿಯತೊಡಗಿತು. ಕಿವಿರುಗಳಿದ್ದರೂ ಬಿಚಿರ್‌ಗೆ ಜೋಡಿ ಶ್ವಾಸಕೋಶಗಳಿವೆ. ನೆತ್ತಿಯ ಎರಡು ರಂಧ್ರಗಳ ಮೂಲಕವೂ ಗಾಳಿ ಎಳೆಯುತ್ತದೆ. ಉಸಿರು ಬಿಡುವಾಗ ಗಟ್ಟಿ ಹುರುಪೆಗಳ ಕವಚದೊಳಗೆ ಮೈ ಕುಗ್ಗುತ್ತದೆ, ಕವಚ ಮೊದಲಿನ ಆಕಾರಕ್ಕೆ ಮರಳುವಾಗ ಗಾಳಿ ತಾನಾಗಿ ಒಳನುಗ್ಗುತ್ತದೆ. ಹೀಗಾಗಿ ಅದಕ್ಕೆ ನೀರಿನ ಮೇಲೆ ಗಾಳಿಯೂ ಬೇಕು, ಹೊರಬೀಳದಂತೆ ತಡೆಯೂ ಬೇಕು. ಈಗ ನೀರನ್ನು ಎರಡು ಅಂಗುಲ ಕೆಳಗಿಳಿಸಿ, ಮುಚ್ಚಳದ ಸಂದುಗಳಿಗೆಲ್ಲ ಗಾಳಿಯಾಡುವ ಸಣ್ಣಕಣ್ಣಿನ ಪ್ಲಾಸ್ಟಿಕ್ ಜಾಲರಿ ಕಟ್ಟಿದ್ದೇನೆ.

ಕಣ್ಣು ಮಂದ, ಮೂಗು ಚುರುಕು. ಆದ್ದರಿಂದ ದೀಪ ಆರಿಸಿದ ಮೇಲೆ ಸಿಪ್ಪೆ ಸುಲಿದ ಸೀಗಡಿ, ಎರೆಹುಳು ಅಥವಾ ಮೀನಿನ ತುಂಡನ್ನು ಇಕ್ಕಳದಲ್ಲಿ ಮೂತಿಯ ಮುಂದೆ ಹಿಡಿಯುತ್ತೇನೆ. ಮರಿಗೆ ದಿನವೂ ಊಟ, ದೊಡ್ಡದಾದ ಮೇಲೆ ದಿನ ಬಿಟ್ಟು ದಿನ ಸಾಕು. ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳನ್ನು ಜೊತೆಗೆ ಬಿಟ್ಟದ್ದು ನನ್ನ ದಡ್ಡತನ. ಅವು ಒಂದೇ ವಾರದಲ್ಲಿ ಊಟವಾದವು. ಈಗ ಜೊತೆಗಿರುವುದು ಬಾಯಿಗೆ ಹಿಡಿಸದಷ್ಟು ಅಗಲವಾದ ಎರಡು ಸಿಲ್ವರ್ ಡಾಲರ್ ಮೀನುಗಳು ಮಾತ್ರ.

ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಪಂಪ್ ಐದು ಗಂಟೆ ನಿಂತಿತ್ತು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಸಿಲ್ವರ್ ಡಾಲರ್‌ಗಳು ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದವು, ನಾನು ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತ ನಿಂತಿದ್ದೆ. ಬಿಚಿರ್ ಮಾತ್ರ ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದು ಪೈಪಿನೊಳಗೆ ಮರಳುತ್ತಿತ್ತು.