‘ಓವರ್‌ರೇಟೆಡ್’ ಅನ್ನೋ ಮುಂಚೆ ಒಂದು ದೃಶ್ಯ ಹೇಳು

ಸುಮಾರು ಎರಡು ವರ್ಷ ನಾನು ‘ಟೋಕಿಯೋ ಸ್ಟೋರಿ’ಯನ್ನು ಬೈದುಕೊಂಡೇ ಓಡಾಡಿದೆ. ಜಪಾನಿನ ನಿರ್ದೇಶಕ ಯಾಸುಜಿರೋ ಓಜು ಅವರ 1953ರ ಸಿನಿಮಾ. ವಯಸ್ಸಾದ ಅಪ್ಪ ಅಮ್ಮ ದೂರದಲ್ಲಿರುವ ಮಕ್ಕಳನ್ನು ನೋಡೋಕೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ, ವಾಪಸ್ ಹೊರಡುತ್ತಾರೆ. ಹತ್ತು ವರ್ಷಕ್ಕೊಮ್ಮೆ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುವ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ಜಗತ್ತಿನ ನಿರ್ದೇಶಕರನ್ನು ಕೇಳಿದಾಗ ಇದಕ್ಕೇ ಮೊದಲ ಸ್ಥಾನ ಸಿಕ್ಕಿತ್ತು. ಇಷ್ಟು ಕಥೆಗೆ ಅಷ್ಟೊಂದು ಹೊಗಳಿಕೆಯಾ ಅಂತ ನನ್ನ ವಾದ.

ಒಂದು ದಿನ ಗೆಳತಿಯೊಬ್ಬಳು ಮಧ್ಯದಲ್ಲೇ ತಡೆದು ಕೇಳಿದಳು. “ಕೊನೆ ಹತ್ತಿರ ಸೊಸೆ, ಚಿಕ್ಕ ಮಗಳು ಇಬ್ಬರೇ ಮಾತಾಡ್ತಾರಲ್ಲ. ಬದುಕು ಅಂದ್ರೆ ನಿರಾಸೆನೇ ಅಲ್ವಾ ಅಂತ ಮಗಳು ಕೇಳ್ತಾಳೆ. ಸೊಸೆ ಹೌದು ಅಂತಾಳೆ. ಹಾಗಂದಾಗ ಅವಳ ಮುಖ ಹೇಗಿತ್ತು?”

ನನಗೆ ನೆನಪಿರಲಿಲ್ಲ. ನೆನಪಿರೋಕೆ ಸಾಧ್ಯವೂ ಇರಲಿಲ್ಲ, ಯಾಕಂದ್ರೆ ಆ ಸಿನಿಮಾವನ್ನು ನಾನು ನೋಡಿದ್ದು ಫೋನಿನಲ್ಲಿ, 1.5 ಪಟ್ಟು ವೇಗದಲ್ಲಿ, ನಡುನಡುವೆ ಮೆಸೇಜ್‌ಗಳಿಗೆ ಉತ್ತರ ಕೊಡುತ್ತಾ. ಇದನ್ನು ಅವಳ ಮುಂದೆ ಒಪ್ಪಿಕೊಳ್ಳೋಕೆ ಇನ್ನೊಂದು ವಾರ ಹಿಡಿಯಿತು. ಆಮೇಲೆ ಕೂತು ಸರಿಯಾಗಿ ನೋಡಿದೆ. ಸೊಸೆ ನಗುತ್ತಾಳೆ. ಹೌದು ಅನ್ನುತ್ತಾ ನಗುತ್ತಾಳೆ. ವೇಗ ಹೆಚ್ಚಿಸಿ ನೋಡಿದರೆ ಆ ನಗು ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ.

ಅಲ್ಲಿಂದ ನಮ್ಮ ಐದು ಜನರ ಗುಂಪಿನಲ್ಲಿ ಒಂದು ನಿಯಮ ಬಂತು. ಶನಿವಾರ ರಾತ್ರಿ ವಿಡಿಯೋ ಕಾಲ್‌ನಲ್ಲಿ ಸೇರಿ ಸಿನಿಮಾ ಬಗ್ಗೆ ಜಗಳ ಆಡೋದು ನಮ್ಮ ಹಳೇ ಚಾಳಿ. ಈಗ ಯಾರಾದರೂ ಒಂದು ಸಿನಿಮಾವನ್ನು ಓವರ್‌ರೇಟೆಡ್ ಅನ್ನಬೇಕಾದರೆ ಅದರಲ್ಲಿನ ಒಂದು ದೃಶ್ಯವನ್ನು ಎದುರಿನವರ ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕು. ಯಾರು ಎಲ್ಲಿ ನಿಂತಿದ್ದಾರೆ, ಏನು ಮಾಡುತ್ತಾರೆ, ಅದರಲ್ಲಿ ಏನು ಸೋತಿದೆ. ಹೇಳೋಕೆ ಆಗದಿದ್ದರೆ ಆ ವಾರ ಬಾಯಿ ಮುಚ್ಚಿಕೊಂಡಿರಬೇಕು. ಹೊಗಳುವವರಿಗೂ ಇದೇ ನಿಯಮ, ಸುಮ್ನೆ ‘ಮಾಸ್ಟರ್‌ಪೀಸ್’ ಅಂದರೆ ನಡೆಯಲ್ಲ. ಮೊದಲ ಮೂರು ವಾರ ಕಾಲ್ ಹತ್ತು ನಿಮಿಷಕ್ಕೇ ಮುಗಿದುಹೋಗುತ್ತಿತ್ತು. ಯಾರ ಹತ್ತಿರವೂ ದೃಶ್ಯ ಇರಲಿಲ್ಲ, ಬರೀ ಅಭಿಪ್ರಾಯ ಇತ್ತು.

ಮತ್ತೆ ನಾನು ಒಂದು ನೋಟ್‌ಬುಕ್ ಇಟ್ಟೆ. ಎಲ್ಲರೂ ಹೊಗಳುವ, ನನಗೆ ಮಾತ್ರ ಹಿಡಿಸದ 12 ಸಿನಿಮಾಗಳನ್ನು ಬರೆದುಕೊಂಡೆ. ಒಂದೊಂದನ್ನೂ ಮತ್ತೆ ನೋಡುವ ಮುಂಚೆ ಎಡಗಡೆ ಪುಟದಲ್ಲಿ ಒಂದೇ ವಿಷಯ ಬರೆಯುತ್ತಿದ್ದೆ: ಇದನ್ನು ನನಗೆ ಹೊಗಳಿದವರು ಯಾರು? ಇದು ಬೇಕಂತ ಮಾಡಿದ್ದಲ್ಲ, ತಲೆಗೆ ಹೊಳೆದದ್ದು ಬರೆದೆ ಅಷ್ಟೇ, ಆದರೆ ನನ್ನ ಬಂಡವಾಳ ಬಯಲಾದದ್ದು ಅಲ್ಲೇ. 12ರಲ್ಲಿ ಏಳಕ್ಕೆ ಒಬ್ಬನೇ ಮನುಷ್ಯನ ಹೆಸರು ಬಂತು. ನನ್ನ ಹಳೇ ಸಹೋದ್ಯೋಗಿ. ‘ಅದು ನಿಂಗೆ ಅರ್ಥ ಆಗಲ್ಲ ಬಿಡು’ ಅನ್ನುವ ಜಾತಿ. ನನ್ನ ಜಗಳ ಇದ್ದದ್ದು ಅವನ ಜೊತೆ, ಏಟು ತಿಂದದ್ದು ಪಾಪದ ಸಿನಿಮಾಗಳು.

ನಮ್ಮಲ್ಲಿ ಹೊನ್ನಶೂಲ ಅನ್ನುವ ಮಾತಿದೆಯಲ್ಲ, ಹೊಗಳಿ ಹೊಗಳಿಯೇ ಕೊಲ್ಲುವುದು, ಅದಕ್ಕೆ ‘ಸಿಟಿಜನ್ ಕೇನ್’ಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 1941ರ ಸಿನಿಮಾ. ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಆಗ 25ರ ಆಸುಪಾಸು. ಒಂಬತ್ತು ಆಸ್ಕರ್ ನಾಮನಿರ್ದೇಶನದಲ್ಲಿ ಗೆದ್ದದ್ದು ಚಿತ್ರಕಥೆಗೆ ಒಂದೇ ಒಂದು. ‘ಸೈಟ್ ಅಂಡ್ ಸೌಂಡ್’ 1952ರಲ್ಲಿ ಮೊದಲ ಸಲ ವಿಮರ್ಶಕರನ್ನು ಕೇಳಿದಾಗ ಮೊದಲ ಹತ್ತರಲ್ಲೂ ಇದರ ಹೆಸರಿರಲಿಲ್ಲ. ಆಮೇಲೆ 1962ರಿಂದ 2002ರವರೆಗೆ ಐದು ಸಲ ಸತತವಾಗಿ ನಂಬರ್ ಒನ್. ಜಗತ್ತಿನ ಅತ್ಯುತ್ತಮ ಸಿನಿಮಾ ಅಂತ ಕೇಳಿಸಿಕೊಂಡೇ ಹೋಗಿ ಕೂತರೆ ಮೊದಲ ನಿಮಿಷದಿಂದಲೇ ‘ಎಲ್ಲಿ, ತೋರಿಸು’ ಅಂತ ಕೈಕಟ್ಟಿಕೊಂಡು ಕೂರುತ್ತೇವೆ. ನಾನು ಕೂತದ್ದು ಹಾಗೇ. ಕ್ಯಾಮೆರಾ ಚಮತ್ಕಾರ ಜಾಸ್ತಿ, ಜೀವ ಕಮ್ಮಿ ಅಂತ ತೀರ್ಪು ಕೊಟ್ಟು ಎದ್ದೆ.

ಎರಡನೇ ಸಲ ನೋಡಿದಾಗ ಒಂದು ದೃಶ್ಯ ನನ್ನನ್ನು ಹಿಡಿದು ನಿಲ್ಲಿಸಿತು. ಹೊರಗೆ ಹಿಮ ಬೀಳುತ್ತಿದೆ, ಹುಡುಗ ಆಡುತ್ತಿದ್ದಾನೆ. ಕ್ಯಾಮೆರಾ ಕಿಟಕಿಯಿಂದ ಒಳಗೆ ಹಿಂದಕ್ಕೆ ಸರಿಯುತ್ತದೆ. ಅಮ್ಮ, ಬ್ಯಾಂಕಿನವನು, ಕಾಗದ ಇಟ್ಟ ಮೇಜು. ಅಪ್ಪ ಸ್ವಲ್ಪ ದೂರ ನಿಂತು ಗೊಣಗುತ್ತಾನೆ, ಅವನ ಮಾತು ಯಾರಿಗೂ ಬೇಕಾಗಿಲ್ಲ. ಮಗನನ್ನು ಬೇರೆಯವರ ಕೈಗೊಪ್ಪಿಸುವ ಕಾಗದಕ್ಕೆ ಸಹಿ ಬೀಳುತ್ತಿರುವಾಗ ಅದೇ ಚೌಕಟ್ಟಿನಲ್ಲಿ, ಹಿಂದೆ ಕಿಟಕಿಯಾಚೆ, ಆ ಹುಡುಗ ಏನೂ ಗೊತ್ತಿಲ್ಲದೆ ಕೂಗಾಡುತ್ತಾ ಆಡುತ್ತಲೇ ಇರುತ್ತಾನೆ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಸ್ಪಷ್ಟವಾಗಿ ಹಿಡಿದಿದ್ದಾರೆ ಅಂತ ಎಲ್ಲಾ ಪುಸ್ತಕಗಳಲ್ಲೂ ಇದೆ, ನಾನೂ ಓದಿದ್ದೆ. ಆದರೆ ಯಾಕೆ ಅನ್ನೋದು ನನಗೆ ಹೊಳೆದದ್ದು ಆವತ್ತು. ಹುಡುಗ ಮಸುಕಾಗಿದ್ದಿದ್ದರೆ ನಾವು ಅವನನ್ನು ಮರೆತುಬಿಡುತ್ತಿದ್ದೆವು, ಮೇಜಿನ ಸುತ್ತ ಇರುವವರು ಮರೆತ ಹಾಗೇ. ಸಹಿ ಆದಮೇಲೆ ಅಪ್ಪ ಹೋಗಿ ಕಿಟಕಿ ಮುಚ್ಚುತ್ತಾನೆ. ಅಮ್ಮ ಬಂದು ಮತ್ತೆ ತೆಗೆಯುತ್ತಾಳೆ. ಪೆಟ್ಟಿಗೆ ಕಟ್ಟಿಟ್ಟು ಆಗಲೇ ಒಂದು ವಾರ ಆಯ್ತು ಅಂತ ಹೇಳುತ್ತಾಳೆ, ಮುಖದಲ್ಲಿ ಏನೂ ಕಾಣಿಸಲ್ಲ.

ಜೀವ ಕಮ್ಮಿ ಅಂದಿದ್ದೆನಲ್ಲ, ಆ ಮಾತು ವಾಪಸ್ ತಗೊಂಡೆ. ಆದರೆ ಕೊನೆಯ ಮುಕ್ಕಾಲು ಗಂಟೆ ಎಳೆದಂತಾಗುತ್ತದೆ ಅನ್ನೋದು ಇನ್ನೂ ನನ್ನ ಅಭಿಪ್ರಾಯ.

ಈ ಪಟ್ಟಿಗಳ ಲೆಕ್ಕವನ್ನೂ ಸ್ವಲ್ಪ ನೋಡಿದೆ, ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ‘ಸೈಟ್ ಅಂಡ್ ಸೌಂಡ್’ನಲ್ಲಿ ಒಬ್ಬೊಬ್ಬರೂ ಹತ್ತು ಸಿನಿಮಾ ಹೆಸರು ಕೊಡುತ್ತಾರೆ, ಹತ್ತಕ್ಕೂ ಒಂದೊಂದು ಮತ, ಅಷ್ಟೇ. 2012ರ ವಿಮರ್ಶಕರ ಪಟ್ಟಿಯಲ್ಲಿ (ನಿರ್ದೇಶಕರದ್ದು ಬೇರೆ ಪಟ್ಟಿ) ಹಿಚ್‌ಕಾಕ್‌ನ ‘ವರ್ಟಿಗೊ’ 191 ಮತ ಪಡೆದು, 157 ಪಡೆದ ಕೇನ್‌ನನ್ನು ಕೆಳಗಿಳಿಸಿತು. ಮತ ಹಾಕಿದ ವಿಮರ್ಶಕರು 846. ಅಂದರೆ ಜಗತ್ತಿನ ನಂಬರ್ ಒನ್ ಸಿನಿಮಾವನ್ನು ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ತಮ್ಮ ಹತ್ತರಲ್ಲಿ ಸೇರಿಸಿಯೇ ಇರಲಿಲ್ಲ! ಎಲ್ಲರೂ ಹೊಗಳುತ್ತಾರೆ, ನಾನೊಬ್ಬನೇ ಧೈರ್ಯವಂತ ಅಂದುಕೊಂಡಿದ್ದೆ. ಆ ‘ಎಲ್ಲರೂ’ ಯಾವತ್ತೂ ಇರಲೇ ಇಲ್ಲ. ವಿಮರ್ಶೆಗಳನ್ನು ಒಟ್ಟುಹಾಕುವ ವೆಬ್‌ಸೈಟ್ ರಾಟನ್ ಟೊಮ್ಯಾಟೋಸ್ ಕಥೆಯೂ ಇಂಥದ್ದೇ, ಅಲ್ಲಿ 95% ಅಂದರೆ ನೂರಕ್ಕೆ 95 ಅಂಕ ಅಲ್ಲ, ನೂರರಲ್ಲಿ 95 ವಿಮರ್ಶೆಗಳು ‘ಪರವಾಗಿಲ್ಲ’ ಅಥವಾ ಅದಕ್ಕಿಂತ ಮೇಲೆ ಅಂದಿವೆ ಅಂತ. ಎಲ್ಲರೂ ‘ಒಂದ್ಸಲ ನೋಡಬಹುದು’ ಅಂದರೂ 100% ಬರುತ್ತದೆ.

‘ದಿ ಶಾಶಾಂಕ್ ರಿಡೆಂಪ್ಶನ್’ ಬಗ್ಗೆ ನಮ್ಮ ಜಗಳ ಈ ಲೆಕ್ಕದಿಂದಲೇ ತಣ್ಣಗಾಯಿತು. 1994ರಲ್ಲಿ ಥಿಯೇಟರ್‌ಗಳಲ್ಲಿ ಓಡಲಿಲ್ಲ, ಏಳು ಆಸ್ಕರ್ ನಾಮನಿರ್ದೇಶನ ಇದ್ದರೂ ಒಂದೂ ಸಿಗಲಿಲ್ಲ, ಈಗ ಪ್ರೇಕ್ಷಕರೇ ಅಂಕ ಕೊಡುವ ಐಎಂಡಿಬಿ ವೆಬ್‌ಸೈಟಿನ ಪಟ್ಟಿಯ ತುದಿಯಲ್ಲಿ ವರ್ಷಗಳಿಂದ ಕೂತಿದೆ. ಸಿನಿಮಾ ಚೆನ್ನಾಗಿದೆ. ಕೂತ ಜಾಗ ಎತ್ತರ. ಇವೆರಡನ್ನು ಬೇರೆ ಬೇರೆ ಹೇಳೋಕೆ ನಮಗೆ ಒಂದು ವರ್ಷ ಬೇಕಾಯಿತು ಅಂದರೆ ನಗು ಬರುತ್ತೆ.

2022ರಲ್ಲಿ ಅದೇ ‘ಸೈಟ್ ಅಂಡ್ ಸೌಂಡ್’ನ ವಿಮರ್ಶಕರ ಪಟ್ಟಿಯಲ್ಲಿ ಶಾಂಟಾಲ್ ಆಕರ್ಮನ್ ಅವರ ‘ಜಾನ್ ಡೀಲ್ಮನ್’ ನಂಬರ್ ಒನ್ ಆಯಿತು. ಪೂರ್ತಿ ಹೆಸರಿನಲ್ಲಿ ನಾಯಕಿಯ ಮನೆ ವಿಳಾಸವೇ ಇದೆ. 1975ರ ಸಿನಿಮಾ, 201 ನಿಮಿಷ, ಹತ್ತು ವರ್ಷ ಮುಂಚಿನ ಪಟ್ಟಿಯಲ್ಲಿ ಮೊದಲ 30ರಲ್ಲೂ ಇರಲಿಲ್ಲ. ಸಹಜವಾಗಿ ಗಲಾಟೆ ಆಯಿತು. ನಮ್ಮ ಗುಂಪಿನಲ್ಲೂ ಆಯಿತು. ಒಬ್ಬ ಒಂದು ಗಂಟೆ ನೋಡಿ ‘ಒಬ್ಬ ಹೆಂಗಸು ಮನೆಗೆಲಸ ಮಾಡೋದನ್ನ ಮೂರೂವರೆ ಗಂಟೆ ನೋಡಬೇಕಾ’ ಅಂತ ಬಿಟ್ಟೇಬಿಟ್ಟ. ನಿಯಮದ ಪ್ರಕಾರ ಅವನಿಗೆ ಮಾತಾಡುವ ಹಕ್ಕಿರಲಿಲ್ಲ. ನಾನು ಪೂರ್ತಿ ನೋಡಿದ್ದೆ, ಅರ್ಧಕ್ಕೆ ಎದ್ದು ಮುಖ ತೊಳೆದುಕೊಂಡು ಬಂದು ನೋಡಿದ್ದೆ ಅನ್ನೋದು ಬೇರೆ ಮಾತು.

ನಾಯಕಿಯ ಮೂರು ದಿನದ ಕಥೆ ಅದು. ಎರಡನೇ ದಿನ ಅವಳ ಆಲೂಗಡ್ಡೆ ಜಾಸ್ತಿ ಬೆಂದುಬಿಡುತ್ತದೆ. ಇಷ್ಟೇ ಆಗೋದು. ಪಾತ್ರೆ ಹಿಡಿದುಕೊಂಡು ಎಲ್ಲಿ ಸುರಿಯಬೇಕು ಅಂತ ತಿಳಿಯದೆ ಮನೆಯೊಳಗೆ ಓಡಾಡುತ್ತಾಳೆ. ಆಮೇಲೆ ಕೂತು ಹೊಸ ಆಲೂಗಡ್ಡೆ ಸುಲಿಯೋಕೆ ಶುರು ಮಾಡುತ್ತಾಳೆ. ಕ್ಯಾಮೆರಾ ಅಲ್ಲಾಡಲ್ಲ. ಅಲ್ಲಿವರೆಗೆ ಒಂದೂವರೆ ಗಂಟೆಗೂ ಜಾಸ್ತಿ ಹೊತ್ತು ಅವಳು ಪ್ರತಿಯೊಂದನ್ನೂ ಅಚ್ಚುಕಟ್ಟಾಗಿ ಮಾಡೋದನ್ನು ನೋಡಿರುತ್ತೇವೆ, ಕೋಣೆ ಬಿಡುವಾಗ ದೀಪ ಆರಿಸೋದು, ದುಡ್ಡಿಡುವ ಪಾತ್ರೆಗೆ ಮುಚ್ಚಳ ಹಾಕೋದು. ಅದಕ್ಕೇ ಈಗ ಒಂದು ಮುಚ್ಚಳ ತೆರೆದೇ ಉಳಿದರೆ, ಬಟ್ಟೆಯ ಒಂದು ಗುಂಡಿ ಹಾಕದೇ ಇದ್ದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. 201 ನಿಮಿಷ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಆ ಮುಚ್ಚಳ. ನಂಬರ್ ಒನ್ ಹೌದಾ? ನನ್ನ ಪಟ್ಟಿಯಲ್ಲಿ ಅಲ್ಲ. ಮತ್ತೊಮ್ಮೆ ನೋಡ್ತೀಯಾ ಅಂದರೆ ಇಲ್ಲ ಅಂತಲೇ ಹೇಳುತ್ತೇನೆ.

ಹಾಗಂತ ಎಲ್ಲವೂ ಬಚಾವಾಗಲಿಲ್ಲ. ‘ಫಾರೆಸ್ಟ್ ಗಂಪ್’ಗೆ 13 ನಾಮನಿರ್ದೇಶನ, ಅತ್ಯುತ್ತಮ ಚಿತ್ರವೂ ಸೇರಿ ಆರು ಆಸ್ಕರ್. ಅದನ್ನು ಮತ್ತೆ ನೋಡಿದಮೇಲೆ ನನ್ನ ದೂರು ಇನ್ನೂ ಗಟ್ಟಿಯಾಯಿತು. ವಾಷಿಂಗ್ಟನ್‌ನಲ್ಲಿ ಯುದ್ಧ ವಿರೋಧಿ ಸಭೆ. ಸಾವಿರಾರು ಜನ. ವಿಯೆಟ್ನಾಂ ಯುದ್ಧದ ಬಗ್ಗೆ ಹೇಳು ಅಂತ ಫಾರೆಸ್ಟ್‌ನನ್ನು ಮೈಕ್ ಮುಂದೆ ನಿಲ್ಲಿಸುತ್ತಾರೆ. ಅವನು ಬಾಯಿ ತೆರೆಯುವ ಹೊತ್ತಿಗೆ ಒಬ್ಬ ಬಂದು ಮೈಕಿನ ವೈರ್‌ಗಳನ್ನು ಕಿತ್ತುಬಿಡುತ್ತಾನೆ. ಅವನು ಹೇಳಿದ್ದು ಜನಕ್ಕೂ ಕೇಳಿಸಲ್ಲ, ನಮಗೂ ಕೇಳಿಸಲ್ಲ. ವೈರ್ ಮತ್ತೆ ಸಿಕ್ಕಿಸಿದಾಗ ಮಾತು ಮುಗಿದಿರುತ್ತದೆ. ಪಕ್ಕದಲ್ಲಿ ನಿಂತವನಿಗೆ ಮಾತ್ರ ಕೇಳಿಸಿರುತ್ತದೆ, ಅವನು ಭಾವುಕನಾಗುತ್ತಾನೆ. ನಮಗೂ ಕಣ್ಣು ತುಂಬಬೇಕು ಅಂತ ಸಿನಿಮಾ ಕಾಯುತ್ತದೆ. ಯಾವುದಕ್ಕೆ? ಒಂದು ಮಾತು ಹೇಳಿದ್ದರೆ ಅರ್ಧ ಪ್ರೇಕ್ಷಕರಿಗೆ ಸಿಟ್ಟು ಬರುತ್ತಿತ್ತು, ಅದಕ್ಕೆ ಸಿನಿಮಾ ತನ್ನ ಮೈಕನ್ನು ತಾನೇ ಕಿತ್ತುಕೊಂಡಿತು ಅನ್ನೋದು ನನ್ನ ವಾದ. ಗುಂಪಿನಲ್ಲಿ ಇಬ್ಬರು ಒಪ್ಪಲಿಲ್ಲ. ಅವನು ಏನು ಹೇಳಿದರೂ ಯಾರೂ ಕೇಳಿಸಿಕೊಳ್ಳುವ ಕಾಲ ಅದಾಗಿರಲಿಲ್ಲ, ಅದಕ್ಕೇ ಹಾಗೆ ತೋರಿಸಿದ್ದಾರೆ ಅಂದರು. ಒಳ್ಳೆ ಮಾತು. ನನಗೆ ಒಪ್ಪಿಗೆ ಆಗಲಿಲ್ಲ, ಆದರೆ ಎರಡು ಗಂಟೆ ನಡೆದ ಆ ಜಗಳದಲ್ಲಿ ‘ಓವರ್‌ರೇಟೆಡ್’ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ ಅನ್ನೋದು ಕಾಲ್ ಕಟ್ ಮಾಡಿದಮೇಲೆ ಗಮನಕ್ಕೆ ಬಂತು.

ಸದ್ಯಕ್ಕೆ ನೋಟ್‌ಬುಕ್ಕಿನ 12ರಲ್ಲಿ ನಾಲ್ಕು ಇನ್ನೂ ಕೆಂಪು ಶಾಯಿಯಲ್ಲೇ ಇವೆ. ಐದನ್ನು ಹೊಡೆದುಹಾಕಿದ್ದೇನೆ. ಉಳಿದ ಮೂರಕ್ಕೆ ದೃಶ್ಯವೇ ಸಿಕ್ಕಿಲ್ಲ, ಮತ್ತೆ ನೋಡುವ ಉತ್ಸಾಹವೂ ಇಲ್ಲ, ಹಾಗಾಗಿ ಅವುಗಳ ಬಗ್ಗೆ ಮಾತಾಡಲ್ಲ.

ಕಷ್ಟಕ್ಕೆ ಬಂದಿರೋದು ಈಗ. ಹೋದ ಶನಿವಾರ ಅದೇ ಗೆಳತಿ ನನ್ನ ಅಚ್ಚುಮೆಚ್ಚಿನ ‘ಬೈಸಿಕಲ್ ಥೀವ್ಸ್’ಗೆ ಕೈ ಹಾಕಿದಳು. ಇಟಲಿಯ ನಿರ್ದೇಶಕ ಡಿ ಸಿಕಾ, 1948. 1952ರ ಆ ಮೊದಲ ಪಟ್ಟಿಯಲ್ಲಿ ನಂಬರ್ ಒನ್ ಆಗಿದ್ದು ಇದೇ. ಅವಳು ಹೇಳಿದ ದೃಶ್ಯ: ಸೈಕಲ್ ಕಳೆದುಕೊಂಡ ಅಪ್ಪ, ಅವನ ಮಗ ಬ್ರೂನೋ ಹೋಟೆಲಿಗೆ ಹೋಗುತ್ತಾರೆ. ಪಕ್ಕದ ಮೇಜಿನಲ್ಲಿ ದುಡ್ಡಿದ್ದವರ ಮನೆ ಹುಡುಗನೊಬ್ಬ ಠೀವಿಯಿಂದ ಊಟ ಮಾಡುತ್ತಾ ನಮ್ಮ ಬ್ರೂನೋ ಕಡೆ ತಿರುಗಿ ನೋಡುತ್ತಾನೆ. “ಬ್ರೂನೋ ತಿನ್ನೋಕೆ ಒದ್ದಾಡೋದು ಸಾಕಿತ್ತು,” ಅಂದಳು. “ಆ ಶ್ರೀಮಂತ ಹುಡುಗನ್ನ ಯಾಕೆ ತಂದು ಕೂರಿಸಬೇಕಿತ್ತು? ನಿನ್ನ ಡೈರೆಕ್ಟರ್‌ಗೆ ನಮ್ಮ ಮೇಲೆ ನಂಬಿಕೆ ಇಲ್ಲ.”

ಆಮೇಲೆ ಆ ದೃಶ್ಯವನ್ನು ಮೂರು ಸಲ ನೋಡಿದೆ, ದೊಡ್ಡ ಪರದೆಯಲ್ಲಿ, ಸರಿಯಾದ ವೇಗದಲ್ಲೇ. ಹುಡುಗ ತಿರುಗಿ ನೋಡುತ್ತಾನೆ, ನಿಜ. ಶನಿವಾರಕ್ಕೆ ಇನ್ನೆರಡು ದಿನ ಇದೆ, ನೋಟ್‌ಬುಕ್ಕಿನಲ್ಲಿ ಇನ್ನೂ ಏನೂ ಬರೆದಿಲ್ಲ.